ಬಳಗವಲ್ಲದ ಇಬ್ಬರು ಬೇಕಾಗಿದ್ದಾರೆ

ಗುಂಡ್ಲುಪೇಟೆಯಲ್ಲಿ ಯಾರು ಅರ್ಜಿ ಬರೆಸಬೇಕಾದರೂ ಶಾಂತಮಲ್ಲಪ್ಪನೇ ಗತಿ. ಬಾವಿ ತೋಡಿಸಲು ಅರ್ಜಿ, ಬಂಡೀಪುರದಲ್ಲಿ ಗಾರ್ಡ್ ಕೆಲಸಕ್ಕೆ ಅರ್ಜಿ, ಹಂಗಳದವರ ಹುರುಳಿ ಹೊಲಕ್ಕೆ ಆನೆ ನುಗ್ಗಿತೆಂದು ಅರ್ಜಿ, ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಅಪ್ಪ ಬಿಟ್ಟುಹೋದ ಅರಿಶಿನ ಕಡಲೆಕಾಯಿ ಮಂಡಿಯಲ್ಲಿ ಕೂತ ದಿನದಿಂದ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಅವನ ಶಾಯಿ ಬುಡ್ಡಿ. ಬರೆದುಕೊಡುವಾಗ ಬಂದವರನ್ನು ಒಂದಿಷ್ಟು ಬೈಯುವುದೂ ಉಂಟು. "ಎಲ್ಲಾ ಫಾರಂನಲ್ಲೇ ಅಚ್ಚಾಕವ್ರಲ್ಲಾ, ಕಣ್ಬುಟ್ಟು ಓದಕ್ಕೇನ್ಲಾ ರೋಗ?" ಎನ್ನುವುದು ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು.

ರಾಜ್ಯ ಒಂದಾದ ಮರುವರ್ಷದ ಬೇಸಿಗೆಯಲ್ಲಿ ಆ ಬಾಯಿಗೆ ಬೀಗ ಬಿತ್ತು. ಮದರಾಸಿನಲ್ಲಿ ವ್ಯಾಪಾರ ನಡೆಸುವ ವಿದ್ಯೆಯನ್ನೇ ಕಲಿಸುವ ಹೊಸ ಕಾಲೇಜೊಂದು ಶುರುವಾಗಿದೆ, ಪದವೀಧರರಿಗೆ ಒಂದು ವರ್ಷದ ಓದು ಎಂದು ಪೇಪರಿನಲ್ಲಿ ಬಂದಿತ್ತು. ಶಾಂತಮಲ್ಲಪ್ಪ ಫಾರಂ ತರಿಸಿದ. ಅವನ ತಾಯಿ ಮಲ್ಲಾಜಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾಪಾರ ಮಾಡಾದ್ನ ಇಸ್ಕೂಲ್ನಲ್ಲಿ ಕಲುಸ್ತಾರಾ? ನಿಮ್ಮಪ್ಪ ಯಾವ ಇಸ್ಕೂಲ್ಗೆ ಓಗಿದ್ರಪ್ಪ?" ಎಂದರು. ಅವನು ಆಗಲೇ ಪೆನ್ನಿಗೆ ಶಾಯಿ ತುಂಬುತ್ತಿದ್ದ.

ಓದಬೇಕೆಂಬ ಆಸೆ ಸುಳ್ಳಲ್ಲ. ಆದರೆ ಆ ಆಸೆಯ ಬೆನ್ನಿಗೆ ಇನ್ನೊಂದು ಆಸೆ ಅಂಟಿಕೊಂಡಿತ್ತು. ಚಾಮರಾಜನಗರದಲ್ಲಿ ಎಣ್ಣೆ ಮಿಲ್ಲು ಇಟ್ಟಿದ್ದ ಗುರುಮಲ್ಲಯ್ಯನವರು ಇವನ ಮಂಡಿಯಿಂದ ಕಡಲೆಕಾಯಿ ಕೊಳ್ಳುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಶಿವರುದ್ರಮ್ಮ. ತಾಯಿಯಿಲ್ಲದ ಹುಡುಗಿ, ಹೈಸ್ಕೂಲು ಮುಗಿಸಿದವಳು, ಅಪ್ಪನ ಕಣ್ಮಣಿ. ಒಂದು ಕಾರ್ಡು ಗೀಚಿದರೆ ಮುಗಿಯುವ ವ್ಯವಹಾರಕ್ಕೂ ಶಾಂತಮಲ್ಲಪ್ಪ ಮಡಿ ಪಂಚೆ ಉಟ್ಟು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗುತ್ತಿದ್ದದ್ದು ಈ ಕಾರಣಕ್ಕೆ. ಕಿವಿಯ ಹಿಂದೆಲ್ಲ ಅರಿಶಿನದ ಧೂಳು ಮೆತ್ತಿಕೊಂಡ ಮಂಡಿಯವನಿಗೆ ಅಂಥವರು ಮಗಳನ್ನು ಕೊಟ್ಟಾರೆಯೇ? ಮದರಾಸಿನ ಸರ್ಟಿಫಿಕೇಟು ಹಿಡಿದು ಬಂದರೆ ಕೊಟ್ಟಾರು. ಕಾಲೇಜಿನಲ್ಲಿ ಸೀಟು ಸಿಕ್ಕರೆ ಹುಡುಗಿ ಸಿಕ್ಕ ಹಾಗೆಯೇ ಎಂದು ಅವನು ತನ್ನೊಳಗೇ ತೀರ್ಮಾನ ಮಾಡಿಬಿಟ್ಟಿದ್ದ.

ಫಾರಂನ ಮೊದಲ ಹತ್ತು ಕಲಮುಗಳನ್ನು ಒಂದೇ ಉಸಿರಿಗೆ ತುಂಬಿದ. ಹನ್ನೊಂದನೆಯದರಲ್ಲಿ ಪೆನ್ನು ನಿಂತಿತು. ಅರ್ಜಿದಾರನನ್ನು ಐದು ವರ್ಷಕ್ಕೆ ಕಡಿಮೆಯಿಲ್ಲದೆ ಬಲ್ಲ, ವ್ಯಾಪಾರದಲ್ಲಿ ಹೆಸರಾದ ಇಬ್ಬರು ಗೃಹಸ್ಥರು ಅವನ ಗುಣನಡತೆಯನ್ನು ಸ್ವಂತ ಕೈಯಿಂದ ಬರೆಯಬೇಕು. ಬರೆದು, 'ಈತನು ನನಗೆ ಯಾವ ರೀತಿಯಿಂದಲೂ ಸಂಬಂಧಿಯಲ್ಲ' ಎಂದು ರುಜು ಹಾಕಬೇಕು.

ಶಾಂತಮಲ್ಲಪ್ಪ ತಲೆಯೆತ್ತಿ ಬೀದಿ ನೋಡಿದ. ಎಡಗಡೆ ಮಂಡಿ ಸೋದರಮಾವನದು. ಬಲಗಡೆಯದು ಚಿಕ್ಕಮ್ಮನ ಗಂಡನದು. ಎದುರಿಗೆ ಜವಳಿ ಅಂಗಡಿಯಲ್ಲಿ ಕೂತವರು ಅಕ್ಕನ ನಾದಿನಿಯ ಮಾವ. ಅವನನ್ನು ಐದು ವರ್ಷದಿಂದ ಬಲ್ಲ ವ್ಯಾಪಾರಸ್ಥರೆಲ್ಲ ಬಳಗ, ಬಳಗವಲ್ಲದವರು ಅವನನ್ನು ಬಲ್ಲವರೇ ಅಲ್ಲ. ಮದರಾಸಿನವರು ಇಂಥ ಮನುಷ್ಯರನ್ನು ಎಲ್ಲಿಂದ ತರುತ್ತಾರೋ ಎಂದು ಅವನಿಗೆ ಸೋಜಿಗವಾಯಿತು.

ಊರಿಗೆಲ್ಲ ಫಾರಂ ಅರ್ಥ ಹೇಳುವವನು ತನ್ನ ಫಾರಂ ಅರ್ಥವಾಗಲಿಲ್ಲವೆಂದು ಊರಿನಲ್ಲಿ ಯಾರನ್ನು ಕೇಳುವುದು? ಮಾನ ಹೋಗುವುದಿಲ್ಲವೇ? ಆದ್ದರಿಂದ ಕಾಲೇಜಿಗೇ ಬರೆದ: ಸಂಬಂಧಿ ಎಂದರೆ ಎಷ್ಟು ದೂರದವರೆಗೆ? ಅಲ್ಲಿಂದ ಒಂದು ಕಾರ್ಡು ಬಂತು. ರಕ್ತದಿಂದ ಅಥವಾ ಮದುವೆಯಿಂದ ಬಂಧುಗಳಾದವರು. ಅದರಾಚೆಗೆ ಅರ್ಜಿದಾರನು ತನ್ನ ವಿವೇಚನೆ ಬಳಸತಕ್ಕದ್ದು. ತುರ್ತು ಸಂದೇಹಗಳಿಗೆ ಕಚೇರಿಗೆ ಟೆಲಿಫೋನು ಮಾಡಬಹುದು. ಶಾಂತಮಲ್ಲಪ್ಪನಿಗೆ ವಿವೇಚನೆ ಎಂಬುದು ತನ್ನಲ್ಲಿ ಮಣಗಟ್ಟಲೆ ಇದೆ ಎಂಬ ನಂಬಿಕೆ. ಬಳಸಿಯೇ ಬಿಟ್ಟ.

ಬಳಸಿದ್ದು ಸೋಮಯ್ಯನವರ ಮೇಲೆ. ಸೋಮಯ್ಯನವರು ಬೆಲ್ಲದ ದೊಡ್ಡ ವ್ಯಾಪಾರಿ, ಅಪ್ಪನ ಗೆಳೆಯರು. ದೊಡ್ಡಪ್ಪ ಎಂದು ಕರೆಯುವುದು ರೂಢಿಯೇ ಹೊರತು ರಕ್ತವೂ ಇಲ್ಲ, ಮದುವೆಯೂ ಇಲ್ಲ. ಅವರು ಕನ್ನಡಕ ಏರಿಸಿ, ಇವನು ಓದಿ ಹೇಳಿದ್ದನ್ನು ಕೇಳಿ, ಕನ್ನಡಕ ಇಳಿಸಿದರು.

"ಇನ್ನೊಂದ್ಸಲ ಓದ್ಲಾ."

ಓದಿದ.

"ನೀನು ನಂಗೆ ಏನೂ ಆಗ್ಬೇಕಾಗಿಲ್ಲ ಅಂತ ನನ್ ಕೈಲೇ ಬರುಸ್ಕತಾ ಇದ್ದೀಯಾ?"

"ಅಂಗಲ್ಲ ದೊಡ್ಡಪ್ಪ, ಇದು ಬರೀ ರೂಲ್ಸು..."

"ದೊಡ್ಡಪ್ಪ ಅಂತೀಯ, ಬಳಗ ಅಲ್ಲ ಅಂತೀಯ! ನಿಮ್ಮಪ್ಪ ತೀರ್ಕಂಡಾಗ ನಿಮ್ಮನೆ ಬಾಗ್ಲಲ್ಲಿ ನಿಂತಿದ್ದೋನು ಯಾರ್ಲಾ? ಮದ್ರಾಸ್ನೋನಾ? ನಿನ್ ಕೆಲ್ಸಕ್ಕೆ ಅಂತ ಈ ವಯಸ್ನಲ್ಲಿ ಊರೂರು ತಿರುಗ್ತಾ ಇದ್ದೀನಲ್ಲ, ಮೊದ್ಲು ನಂಗೆ ಬುದ್ಧಿ ಇಲ್ಲ. ಓಗ್ಲಾ, ಎದ್ದೋಗು!"

ನನ್ನ ಯಾವ ಕೆಲಸಕ್ಕೆ ನೀವು ಊರೂರು ತಿರುಗುತ್ತಿದ್ದೀರಿ ಎಂದು ಅಲ್ಲೇ ಕೇಳಿದ್ದರೆ ಮುಂದಿನ ಫಜೀತಿಯೇ ಆಗುತ್ತಿರಲಿಲ್ಲ. ಇವನು ಕೇಳಲಿಲ್ಲ. ಉರುಳಿಹೋದ ಪೆನ್ನಿನ ಮುಚ್ಚಳವನ್ನು ಬೆಲ್ಲದ ಅಚ್ಚುಗಳ ಸಂದಿಯಿಂದ ಕೀಳುವುದರಲ್ಲೇ ಮಗ್ನನಾಗಿದ್ದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಇವನಿಗಿಂತ ಮುಂಚೆ ಬಂದಿತ್ತು. ಮಲ್ಲಾಜಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಶುರು ಮಾಡಿದರು.

"ಮಾನಸ್ತರು ಬಳಗ ಉಡಿಕ್ಕಂಡು ಓಯ್ತಾರೆ. ನೀನೊಬ್ಬ ಉಟ್ಟುದ್ಯಲ್ಲಪ್ಪ, ಬಳಗ ಅಲ್ಲ ಅಂತ ಬರುಸ್ಕಳಕ್ಕೆ!"

"ಅವ್ರು ನಮಗೆ ಸಂಬಂಧ ಎಲ್ಲವ್ವ ಆಯ್ತಾರೆ?"

"ಆಗ್ದೆ ಏನು? ನಿಮ್ಮಜ್ಜಿ ತೌರು ತೆರಕಣಾಂಬಿ. ಸೋಮಯ್ಯನ ಎಂಡ್ತಿ ತೌರೂ ತೆರಕಣಾಂಬಿ. ಒಂದೇ ಬೀದಿ, ಒಂದೇ ಬಾವಿ ನೀರು. ಇನ್ನೇನ್ ಬೇಕು ನಿಂಗೆ?"

ಬಾವಿ ನೀರಿನ ಸಂಬಂಧದ ವಿಚಾರ ಕಾಲೇಜಿನ ಕಾರ್ಡಿನಲ್ಲಿ ಇರಲಿಲ್ಲ. ಶಾಂತಮಲ್ಲಪ್ಪ ಮುದ್ದೆ ನುಂಗಲು ಕೂತ.

ಮೊದಲನೆಯ ರುಜು ಕೊನೆಗೆ ಸಿಕ್ಕಿದ್ದು ಮೊಯ್ದೀನ್ ಕಾಕನಿಂದ. ಸುಲ್ತಾನ್ ಬತ್ತೇರಿಯಿಂದ ಮೆಣಸು ಶುಂಠಿ ತಂದು ಗುಂಡ್ಲುಪೇಟೆಯಲ್ಲೇ ನೆಲೆಯಾಗಿದ್ದ ವ್ಯಾಪಾರಿ. ಇಲ್ಲಿ ರಕ್ತ, ಮದುವೆ, ಬಾವಿ ಯಾವುದರ ಭಯವೂ ಇಲ್ಲವೆಂದು ಶಾಂತಮಲ್ಲಪ್ಪ ಎದೆಯುಬ್ಬಿಸಿ ಹೋದ. ಕಾಕ ಗಡ್ಡ ನೀವಿಕೊಂಡು, "ಎಂದಾ ಮೋನೇ, ಏನೋ ಮಗನೇ ಇದು! ಚಿಕ್ಕ ಹುಡುಗನಿಂದ ಕಾಕ ಕಾಕ ಅಂತ ನನ್ನ ಅಂಗಡೀಲಿ ಕೂತು ಹಲ್ವಾ ತಿಂದೆ. ಈಗ ನಾನು ನಿನಗೆ ಏನೂ ಅಲ್ಲವೋ?" ಎಂದ. ಅವನ ಕಣ್ಣು ನಿಜಕ್ಕೂ ಮಂಕಾಯಿತು. ಇವನು ಫಾರಂ ಮಡಿಚಿ ಜೇಬಿಗಿಡಲು ಹೋದ. ಆಮೇಲೆ ಕಾಕನೇ ಬೆನ್ನಿಗೊಂದು ಗುದ್ದು ಗುದ್ದಿ ರುಜು ಹಾಕಿಕೊಟ್ಟು ಕಳಿಸಿದ. ಒಂದು ಸೀಟಿಗಾಗಿ ಊರಿನವರ ಮನಸ್ಸನ್ನೆಲ್ಲ ಒಂದೊಂದಾಗಿ ಮುರಿದುಕೊಂಡು ಬರುತ್ತಿದ್ದೀಯಲ್ಲೋ ಬಿ.ಎ. ಎಂದು ಶಾಂತಮಲ್ಲಪ್ಪ ತನಗೆ ತಾನೇ ಉಗಿದುಕೊಂಡ.

ಇನ್ನೊಬ್ಬರು ಬೇಕಿತ್ತು. ರಾತ್ರಿಯೆಲ್ಲ ಹೊರಳಾಡಿ ಎದ್ದವನಿಗೆ ಹಲ್ಲುಜ್ಜುವಾಗ ಹೊಳೆಯಿತು: ಗುರುಮಲ್ಲಯ್ಯನವರು! ವ್ಯಾಪಾರದಲ್ಲಿ ಹೆಸರಾದವರು, ಏಳೆಂಟು ವರ್ಷದಿಂದ ಬಲ್ಲವರು, ಸದ್ಯಕ್ಕೆ ಏನೂ ಸಂಬಂಧವಿಲ್ಲದವರು. ಮುಂದೆ ಆಗಬಹುದು, ಆದರೆ ಫಾರಂ ಕೇಳುತ್ತಿರುವುದು ಈಗಿನದು ತಾನೇ? ಮೇಲಾಗಿ, ಇದೇ ನೆಪದಲ್ಲಿ ಹುಡುಗ ಮದರಾಸಿಗೆ ಓದಲು ಹೋಗುತ್ತಾನೆಂಬ ವಿಚಾರವೂ ಅವರ ಕಿವಿಗೆ ಬಿದ್ದ ಹಾಗಾಯಿತು. ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ಬಸ್ಸು ಹತ್ತಿದ.

ಗುರುಮಲ್ಲಯ್ಯನವರು ಮಿಲ್ಲಿನ ಪಕ್ಕದ ಮನೆಯಲ್ಲಿ, ತೂಗುಮಂಚದ ಮೇಲೆ ಕೂತಿದ್ದರು. ಫಾರಂ ಓದಿದರು. ಇನ್ನೊಮ್ಮೆ ಓದಿದರು. ಮುಖದಲ್ಲಿ ಏನೋ ಬಂದು ಹೋಯಿತು.

"ಇದ್ನ ನಿಮ್ಮವ್ವ ನೋಡವ್ರಾ?"

"ನೋಡವ್ರೆ."

"ಸೋಮಯ್ಯನವ್ರು?"

"ಅವ್ರಿಗೇ ಮೊದ್ಲು ತೋರಿಸ್ದೆ."

ಸೋಮಯ್ಯನವರ ಹೆಸರು ಇವರ ಬಾಯಿಗೆ ಯಾಕೆ ಬಂತೆಂದು ಇಲ್ಲಾದರೂ ಕೇಳಬಹುದಿತ್ತು. ದೊಡ್ಡ ವ್ಯಾಪಾರಿಗಳು ಒಬ್ಬರನ್ನೊಬ್ಬರು ಬಲ್ಲರು ಎಂದುಕೊಂಡು ಸುಮ್ಮನಾದ. ಗುರುಮಲ್ಲಯ್ಯನವರು ನಿಡಿದಾದ ಉಸಿರು ಬಿಟ್ಟರು. "ಒಳ್ಳೇದಾಯ್ತು ಕಣಪ್ಪ. ಬಲು ಒಳ್ಳೇದಾಯ್ತು," ಎಂದರು. ಪೆನ್ನು ತೆಗೆದುಕೊಂಡು, ಹುಡುಗ ಸತ್ಯವಂತ, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ನಯ, ಎಂದು ಅರ್ಧ ಪುಟ ಬರೆದರು. ಕೊನೆಗೆ, ಯಾವ ರೀತಿಯಿಂದಲೂ ಸಂಬಂಧಿಯಲ್ಲ ಎಂಬುದನ್ನು ಬರೆದು ಅದರ ಅಡಿಗೆ ಗೆರೆ ಎಳೆದರು. ಆಮೇಲೆ ಊಟ ಮಾಡದೆ ಬಿಡಲಿಲ್ಲ. ತಾವೇ ನಿಂತು ತುಪ್ಪ ಬಡಿಸಿದರು. ಸಾಕು ಎಂದರೂ ಬಡಿಸಿದರು, ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸಿದರು. ಇಷ್ಟು ತುಪ್ಪ ಬಡಿಸುವವರು ಮಗಳನ್ನೂ ಕೊಟ್ಟೇ ಕೊಡುತ್ತಾರೆ ಎಂದು ಶಾಂತಮಲ್ಲಪ್ಪನಿಗೆ ಖಾತ್ರಿಯಾಯಿತು. ಅಲ್ಲಿಂದ ನೇರ ಪೋಸ್ಟಾಫೀಸಿಗೆ ಹೋಗಿ ಅರ್ಜಿಯನ್ನು ರಿಜಿಸ್ಟರ್ ಮಾಡಿ ಮದರಾಸಿಗೆ ಕಳಿಸಿದ.

ಸಂಜೆ ಮನೆ ಹೊಸಿಲು ದಾಟುವಾಗಲೇ ಕೂಗಿದ. "ಅವ್ವಾ, ಎರಡ್ನೇ ರುಜು ಆಯ್ತು! ಗುರುಮಲ್ಲಯ್ಯನವ್ರೇ ಬರ್ಕೊಟ್ರು!"

ಮಲ್ಲಾಜಮ್ಮನ ಕೈಲಿದ್ದ ಮೊರ ನೆಲಕ್ಕೆ ಬಿತ್ತು. ರಾಗಿಯೆಲ್ಲ ಚೆಲ್ಲಾಡಿತು.

"ಯಾವ ಗುರುಮಲ್ಲಯ್ಯ? ಚಾಮ್ರಾಜ್ನಗ್ರದೋರಾ? ಏನಂತ ಬರ್ಕೊಟ್ರು?"

"ನಾನು ಅವ್ರಿಗೆ ಸಂಬಂಧ ಅಲ್ಲ ಅಂತ."

"ಅಯ್ಯೋ ನನ್ ಶಿವನೇ! ಅಯ್ಯೋ ಮುಂಡೇದೇ! ಆ ಮನೆ ಎಣ್ಣನ್ನೇ ಕಣ್ಲಾ ನಿಂಗೆ ಕೇಳ್ತಾ ಇರಾದು! ಸೋಮಯ್ಯನವ್ರು ಮೂರು ತಿಂಗ್ಳಿಂದ ಅದ್ಕೇ ನಗ್ರಕ್ಕೆ ಓಡಾಡ್ತಾ ಅವ್ರೆ! ಇವತ್ತು ನಾಳೇಲಿ ಅವ್ರು ಮಾತು ಕಳುಸ್ಬೇಕಾಗಿತ್ತು!"

ಶಾಂತಮಲ್ಲಪ್ಪ ಬಾಗಿಲಲ್ಲೇ ಕುಸಿದು ಕೂತ. "ನಂಗ್ಯಾಕವ್ವ ಏಳ್ನಿಲ್ಲ?"

"ಮಾತು ಗಟ್ಟಿ ಆಗಗಂಟ ಗಂಡಿಗೆ ಏಳ್ತಾರಾ ಯಾರಾದ್ರೂವೆ? ಎಲ್ಲಾದ್ರೂ ಉಂಟಾ? ನೀನು ಓಗಿ ಎಣ್ಣಿನ ಅಪ್ಪನ ಕೈಲೇ ಸಂಬಂಧ ಬ್ಯಾಡ ಅಂತ ಬರುಸ್ಕಂಡ್ ಬತ್ತೀಯ ಅಂತ ಯಾರಿಗ್ ಗೊತ್ತಿತ್ತು!"

ಅವನಿಗೆ ಅಳು ಬಂತು. ಅಳುತ್ತಲೇ ನಗುವೂ ಬಂತು. ಸದ್ದಿಲ್ಲದೆ ಮನೆ ಬಾಗಿಲಿಗೆ ಬರುತ್ತಿದ್ದ ಹುಡುಗಿಯನ್ನು ಗೆಲ್ಲಲು ಮದರಾಸಿನ ದಾರಿ ಹಿಡಿದು, ಆ ದಾರಿಗಾಗಿ ಹುಡುಗಿಯನ್ನೇ ಬೇಡವೆಂದು ಬರೆಸಿಕೊಂಡು ಬಂದ ಬುದ್ಧಿವಂತ ಇಡೀ ಮೈಸೂರು ಸೀಮೆಯಲ್ಲಿ ಇನ್ನೊಬ್ಬನಿದ್ದಾನೆಯೇ? ಪಾಪ, ಗುರುಮಲ್ಲಯ್ಯನವರು ಎಷ್ಟು ನೊಂದುಕೊಂಡರೋ! ನೊಂದುಕೊಂಡೂ ತುಪ್ಪ ಬಡಿಸಿದರಲ್ಲಾ!

ಮರುದಿನ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೊರಟ. ಬೇರೆ ಯಾರೇ ಆಗಿದ್ದರೂ ನೇರ ಗುರುಮಲ್ಲಯ್ಯನವರ ಮನೆಗೆ ಹೋಗಿ ಕಾಲಿಗೆ ಬೀಳುತ್ತಿದ್ದರು. ಇವನದು ಅರ್ಜಿ ಬರೆಯುವವನ ತಲೆ, ಮೊದಲು ನಿಯಮ ಕಾಣುತ್ತದೆ. ರುಜು ಹಾಕಿದವರು ಮುಂದೆ ಮಾವನಾದರೆ ಅರ್ಜಿ ಬಿದ್ದುಹೋಗುತ್ತದೆಯೇ? ಅವರ ರುಜು ಸುಳ್ಳಾಗುತ್ತದೆಯೇ? ಇದಕ್ಕೆ ಉತ್ತರ ತೆಗೆದುಕೊಂಡು ಹೋದರೆ ಅವರ ಎದುರು ನಿಲ್ಲುವ ಮುಖವಾದರೂ ಇರುತ್ತದೆ ಎಂದು ಪೋಸ್ಟಾಫೀಸಿಗೆ ಹೋಗಿ ಮದರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡಿದ.

ಲೈನು ಸಿಕ್ಕಾಗ ಮಧ್ಯಾಹ್ನವಾಗಿತ್ತು. ಪೋಸ್ಟ್ ಮಾಸ್ಟರ್ ಗೋವಿಂದಯ್ಯನವರು ರಿಸೀವರ್ ಕೊಟ್ಟು, "ಜೋರಾಗಿ ಮಾತಾಡಿ, ಇಲ್ದಿದ್ರೆ ಈರೋಡಿನಲ್ಲೇ ನಿಂತುಹೋಗತ್ತೆ," ಎಂದರು. ಶಾಂತಮಲ್ಲಪ್ಪ ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕೂಗಿದ. ತನಗೆ ರುಜು ಹಾಕಿಕೊಟ್ಟವರು ತನ್ನ ಮಾವನಾಗುವ ಸಂಭವವಿದೆ ಎಂದ. ಏನು ಎಂದರು. ಇನ್ನೂ ಜೋರಾಗಿ ಹೇಳಿದ. ಕೇಳಿಸಲಿಲ್ಲ ಎಂದರು. ಗೋವಿಂದಯ್ಯನವರು ತಡೆಯಲಾರದೆ ರಿಸೀವರಿಗೆ ತಾವೂ ಬಾಯಿಟ್ಟು, "ಮಾವ! ಮದುವೆ!" ಎಂದು ಇಂಗ್ಲಿಷಿನಲ್ಲಿ ಅರಚಿದರು. ಮನಿಯಾರ್ಡರಿಗೆ ನಿಂತವರು, ಕಾರ್ಡು ಕೊಳ್ಳಲು ಬಂದವರು ಎಲ್ಲರೂ ಕೆಲಸ ಮರೆತು ಸುತ್ತ ನೆರೆದರು. ಗುರುಮಲ್ಲಯ್ಯ ಎಂಬ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗಿ ಬಂದಾಗ ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದರು.

ಆ ಕಡೆಯ ಗುಮಾಸ್ತ ಬಲು ಶಾಂತ ಮನುಷ್ಯ. "ರುಜು ಹಾಕಿದ ದಿನ ಅವರು ನಿಮಗೆ ಏನಾಗಿದ್ದರು?"

"ಏನೂ ಇಲ್ಲ!"

"ಮದುವೆ ನಿಶ್ಚಯವಾಗಿತ್ತೇ?"

"ಇಲ್ಲ!"

"ಹಾಗಾದರೆ ರುಜು ಊರ್ಜಿತ. ಆಮೇಲೆ ಏನಾದರೂ ಆಗಲಿ, ನಮಗೆ ಸಂಬಂಧವಿಲ್ಲ. ಅರ್ಜಿ ಬಂದು ತಲುಪಲಿ, ಈ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಈವರೆಗೆ ಬಂದಿರುವ ಅರ್ಜಿಗಳೇ ಕಡಿಮೆ, ಸೀಟು ಸಿಗುವುದರಲ್ಲಿ ಸಂದೇಹವಿಲ್ಲ."

ಶಾಂತಮಲ್ಲಪ್ಪ ಅಲ್ಲೇ ಕುಣಿಯದಿದ್ದದ್ದು ಪಂಚೆಯ ಗಂಟಿನ ಪುಣ್ಯ. ಸೀಟೂ ಉಂಟು, ಹುಡುಗಿಯೂ ಉಂಟು! ಒಂದು ಮಾತು ಬಿಡಿಸಿ ಹೇಳಿದರೆ ಸಾಕು. ಗೋವಿಂದಯ್ಯನವರ ಕೈ ಕುಲುಕಿ, ಗುರುಮಲ್ಲಯ್ಯನವರ ಮನೆಗೆ ಓಡುನಡಿಗೆಯಲ್ಲಿ ಹೋದ.

"ನಂಗೆ ಗೊತ್ತೇ ಇರ್ನಿಲ್ಲ," ಎಂದ, ಉಸಿರು ಕಟ್ಟಿಕೊಂಡು. "ದೊಡ್ಡಪ್ಪ ಮಾತಾಡಿರದು ನಂಗೆ ಏಳೇ ಇರ್ನಿಲ್ಲ. ನಾನು ಬ್ಯಾಡ ಅಂತ ಬರುಸ್ಕಂಡಿದ್ದಲ್ಲ. ಮದ್ರಾಸ್ನೋರನ್ನ ಈಗ ಕೇಳ್ದೆ. ನಿಮ್ ರುಜುಗೆ ಏನೂ ದೋಷ ಇಲ್ವಂತೆ. ಇನ್ನೇನೂ ಅಡ್ಡಿ ಇಲ್ಲ."

ಗುರುಮಲ್ಲಯ್ಯನವರು ತೂಗುಮಂಚದ ಸರಪಳಿ ಹಿಡಿದುಕೊಂಡು ನೆಲ ನೋಡಿದರು.

"ಕೂತ್ಕಳಪ್ಪ. ಎಂಗೆ ಏಳ್ಲಿ ನಿಂಗೆ? ಸೋಮಯ್ಯನವ್ರು ದೊಡ್ಡೋರು. ಅವ್ರು ಬಂದು ಕೇಳುದ್ಮೇಲೆ, ಆಗಲ್ಲ ಅಂತ ಬಾಯ್ಬುಟ್ಟು ಎಂಗಂದಾನು ಮನುಷ್ಯ? ಅನ್ನಕ್ಕಾಗ್ದೆ ದಿನ ತಳ್ತಾ ಇದ್ದೆ. ಅಷ್ಟ್ರಲ್ಲಿ ನೀನು ಆ ಕಾಗ್ದ ತಂದೆ. ಅವ್ವನೂ ನೋಡವ್ರೆ, ಸೋಮಯ್ಯನವ್ರೂ ನೋಡವ್ರೆ ಅಂದೆ. ನಮ್ ಮನ್ಸು ಅರ್ಥ ಮಾಡ್ಕಂಡು, ಯಾರಿಗೂ ನೋವಾಗ್ದಂಗೆ ಅವ್ರೇ ಇಂಗೆ ಬುಟ್ಕೊಟ್ರು, ಎಂಥಾ ನಯದ ಜನ ಅಂತ ನಂಗೆ ಕಣ್ಣಲ್ಲಿ ನೀರೇ ಬಂದ್ಬುಡ್ತು ಕಣಪ್ಪ."

ತುಪ್ಪದ ಅರ್ಥ ಶಾಂತಮಲ್ಲಪ್ಪನಿಗೆ ಆಗ ಆಯಿತು. "ಅಂದ್ರೆ... ನಿಮಗೆ ಮೊದ್ಲೇ ಇಷ್ಟ ಇರ್ನಿಲ್ವಾ?"

"ಅಪ್ಪಯ್ಯ ಅಲ್ಲ. ಬ್ಯಾಡ ಅಂದದ್ದು ನಾನು."

ಶಿವರುದ್ರಮ್ಮ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ಮಡಿಚಿದ ವಾರಪತ್ರಿಕೆ. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟು ವರ್ಷದಿಂದ ಬತ್ತಾ ಇದ್ದೀರಿ. ನೀರು ಕೊಟ್ಟೋಳೂ ನಾನೇ, ಎಲೆ ಆಕ್ದೋಳೂ ನಾನೇ. ಒಂದಿನಾನಾದ್ರೂ ತಲೆ ಎತ್ತಿ, ಚೆನ್ನಾಗಿದ್ದೀಯೇನವ್ವ ಅಂತ ಕೇಳುದ್ರಾ?"

"ಮನೆ ಎಣ್ಮಕ್ಕಳನ್ನ ತಲೆ ಎತ್ತಿ ನೋಡಬಾರ್ದು ಅಂತ..." ಎಂದು ತೊದಲಿದ. ನಿಜವನ್ನೇ ಹೇಳುತ್ತಿದ್ದ. ಆ ತಗ್ಗಿಸಿದ ತಲೆಯಲ್ಲಿ ಎಷ್ಟು ಆಸೆ ಇತ್ತೆಂದು ಅವಳಿಗೆ ತಾನಾಗಿ ತಿಳಿದುಹೋಗಿದೆ ಎಂದೇ ಅವನು ನಂಬಿಕೊಂಡಿದ್ದ.

"ಮರ್ಯಾದೆನೇ ಇರ್ಬೋದು. ನಂಗೆ ಎಂಗೆ ಗೊತ್ತಾಗ್ಬೇಕು? ಇವತ್ತು ನನ್ ಮದ್ವೆ ಇಚಾರ ಮದ್ರಾಸ್ಗಂಟ ಓಯ್ತು. ಪೋಸ್ಟಾಪೀಸ್ನಲ್ಲಿ ನಿಂತಿದ್ದೋರ್ಗೆಲ್ಲ ಗೊತ್ತಾಯ್ತು, ಬೀದಿಯೋರು ಬಂದು ನಂಗೆ ಏಳುದ್ರು. ಎಲ್ಲಾರ್ನೂ ಕೇಳುದ್ರಿ. ನನ್ನ ಒಬ್ಬಳ್ನ ಕೇಳ್ನಿಲ್ಲ."

ಶಾಂತಮಲ್ಲಪ್ಪ ತಲೆ ಎತ್ತಿದ. ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವನು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಮುಖಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಇದು ಇನ್ನೂ ಚೆನ್ನಾಗಿತ್ತು. ಅದಕ್ಕೇ ಅವನಿಗೆ ಇನ್ನೂ ಸಂಕಟವಾಯಿತು.

"ಈಗ ಕೇಳುದ್ರೆ?" ಎಂದ.

ಅವಳು ಅಪ್ಪನ ಕಡೆಗೆ ನೋಡಲಿಲ್ಲ.

"ಕೇಳುದ್ರಲ್ಲ, ಅದ್ಕೆ ನಿಜ ಏಳ್ತೀನಿ. ನೀವು ಒಳ್ಳೇರೇ. ನಂಗೆ ಮನ್ಸಿಲ್ಲ. ಬೇಜಾರು ಮಾಡ್ಕಬ್ಯಾಡಿ."

ಆ ಬೇಸಿಗೆಯಲ್ಲಿ ಅವನು ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ, ಕೇಳಿದ ಕೂಡಲೇ ಬಿಡಿಸಿದಂತೆ ಉತ್ತರ ಸಿಕ್ಕಿದ್ದು ಇದೊಂದಕ್ಕೇ. ಇಷ್ಟು ಸಲೀಸಾಗಿ ಬಾಯಿಗೆ ಬರುವ ಪ್ರಶ್ನೆಯಾಗಿತ್ತೇ ಇದು, ಇದನ್ನು ಹೊತ್ತುಕೊಂಡು ಇಷ್ಟು ವರ್ಷ ಕಡಲೆಕಾಯಿ ದರ ಮಾತಾಡಿದೆನಲ್ಲ ಎಂದು ತನ್ನ ಮೇಲೆ ತನಗೇ ರೋಸಿಹೋಯಿತು. "ಆಗ್ಲಿ," ಎಂದು ಕೈಮುಗಿದು ಎದ್ದ. ಅವಳೂ ಕೈಮುಗಿದಳು.

ಗುರುಮಲ್ಲಯ್ಯನವರು ಬೀದಿ ಬಾಗಿಲವರೆಗೆ ಬಂದರು. ಅವರಿಗೂ ದುಃಖವಾಗಿತ್ತು, ಸಮಾಧಾನದ ಮಾತಿಗಾಗಿ ತಡಕಾಡುತ್ತಿದ್ದರು. ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

"ಧೈರ್ಯವಾಗಿ ಮದ್ರಾಸ್ಗೆ ಓಗಿ ಓದ್ಕಂಡು ಬಾ ಕಣಪ್ಪ. ಕಾಲೇಜ್ನೋರು ನಾಳೆ ಬಂದು ಇಚಾರ್ಸುದ್ರೂ ನಂಗೆ ಭಯ ಇಲ್ಲ. ನಾನು ಬರ್ಕೊಟ್ಟಿರದ್ರಲ್ಲಿ ಒಂದಕ್ಷರನೂ ಸುಳ್ಳಿಲ್ಲ."